ಕಿಟಕಿಯ ಆಚೆಗಿನ ಸಾಲು

ಆಗಸ್ಟ್ ೨೩, ಶನಿವಾರ

ನನ್ನ ಹೆಗ್ಗಣರಾಯನಿಗೆ,

ನಾವಿಬ್ಬರೂ ಕ್ಷೇಮ. ನೀನೂ ಬೆಟ್ಟ ಕೊರೆಯುವ ಆ ಸುರಂಗದಿಂದ ಸುರಕ್ಷಿತವಾಗಿ ಹೊರಗೆ ಬಂದು, ಕೈಯ ಗ್ರೀಸ್ ತೊಳೆದುಕೊಂಡು ಆಮೇಲೆ ಈ ಕಾಗದ ಒಡೆದಿದ್ದೀಯ ಎಂದು ನಂಬಿದ್ದೇನೆ. ಬರೆಯುವುದು ತಡವಾಯಿತು. ಬೈಯುವುದಿದ್ದರೆ ನೀನೂ ಕಾಗದದಲ್ಲೇ ಬೈದು ಕಳಿಸು, ಆ ನೆಪದಲ್ಲಾದರೂ ನಿನ್ನ ಅಕ್ಷರ ನೋಡಿದ ಹಾಗಾಗುತ್ತದೆ. ಭಾನುವಾರ ನೀನು ಗುಡ್ಡ ಹತ್ತಿ ಫೋನ್ ಮಾಡಿದರೆ ಅರ್ಧ ಮಾತನ್ನು ಗಾಳಿ ತಿನ್ನುತ್ತದೆ. ಉಳಿದರ್ಧ ‘ಊಟ ಆಯ್ತಾ’, ‘ಆಯ್ತು’, ‘ಮಗಳು ಓದ್ತಾಳಾ’, ‘ಓದ್ತಾಳೆ’. ಅಷ್ಟರಲ್ಲಿ ನಿನ್ನ ಹಿಂದೆ ನಿಂತವನು, ಸಿಗ್ನಲ್ ಸಿಗುವ ಆ ಒಂದೇ ಬಂಡೆಯನ್ನು ಬಿಟ್ಟುಕೊಡು ಎಂದು ಕೆಮ್ಮಲು ಶುರುಮಾಡುತ್ತಾನೆ. ಅದಕ್ಕೇ ಈ ಸುದ್ದಿಯನ್ನು ಫೋನಿನಲ್ಲಿ ಹೇಳಲಿಲ್ಲ.

ನಾನು ಕಾಲೇಜಿಗೆ ಸೇರಿದೆ.

ಮತ್ತೊಮ್ಮೆ ಓದಿಕೋ, ಅಕ್ಷರ ತಪ್ಪಿಲ್ಲ. ಬಿಸಿನೆಸ್ ಡಿಗ್ರಿ. ಇಪ್ಪತ್ತು ವರ್ಷದ ಹಿಂದೆ ಎರಡನೇ ವರ್ಷ ಮುಗಿಸಿ ಕೈಬಿಟ್ಟೆನಲ್ಲ, ಅದೇ. ನದಿಯ ಜೆಟ್ಟಿಯಲ್ಲಿ ಮೊದಲ ಫೆರಿ ದೋಣಿಯ ಪಾಳಿ ಮುಗಿಸಿ, ಟಿಕೆಟ್ ಕೌಂಟರಿನ ಕಿಟಕಿ ಎಳೆದು, ಅಲ್ಲಿಂದ ನೇರ ಮಧ್ಯಾಹ್ನದ ತರಗತಿಗೆ ಓಡುತ್ತೇನೆ. ಫೀಸಿನ ಅರ್ಧ ಫೆರಿ ಕಂಪನಿಯೇ ಕೊಡುತ್ತದೆ, ಹುಬ್ಬು ಗಂಟು ಹಾಕಬೇಡ.

ಸೇರಿದ್ದು ಹೇಗೆ ಅಂದರೆ, ಸುಮ್ಮನೆ ಕೇಳಿಕೊಂಡು ಬರೋಣ ಎಂದು ಹೋದದ್ದು. ಬೇರೆ ಕಾಲೇಜಿನಿಂದ ಬಂದವರ ವಿಚಾರ ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಕನ್ನಡಕವನ್ನು ಸರಪಳಿಯಲ್ಲಿ ತೂಗುಹಾಕಿಕೊಂಡು, ಅದನ್ನು ಹುಡುಕುತ್ತಲೇ ಇರುತ್ತಾರೆ. “ಮೊದ್ಲು ಎಲ್ಲಿ ಓದಿದ್ರಿ?” ಎಂದು ಕೇಳಿದರು.

“ಆ ಕಾಲೇಜು ಈಗ ಇಲ್ಲ ಮೇಡಂ. ಮುಚ್ಚಿಹೋಯ್ತು.”

“ಕಾಲೇಜು ಮುಚ್ಚಿರಬಹುದು ಕಣ್ರೀ. ನೀವು ಪಾಸಾಗಿದ್ದು ಮುಚ್ಚಿಹೋಗುತ್ತಾ?”

ಅವರು ಕಂಪ್ಯೂಟರಿನಲ್ಲಿ ಅದೇನೋ ಕುಟ್ಟಿದರು, ಕಾದರು, ಮತ್ತೆ ಕುಟ್ಟಿದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಲೆಕ್ಕಶಾಸ್ತ್ರ, ವಾಣಿಜ್ಯ ಕಾನೂನು, ಅರ್ಥಶಾಸ್ತ್ರ, ಎಲ್ಲ ಸಾಲಾಗಿ ಕೂತಿದ್ದವು, ಪಕ್ಕದಲ್ಲಿ ನನ್ನ ಅಂಕ. ಮದುವೆಗೆ ಮುಂಚಿನ ನನ್ನ ಹೆಸರಿನಲ್ಲಿ. “ಇದೆಲ್ಲ ನಿಮ್ದೇ. ಯಾರೂ ಮುಟ್ಟಿಲ್ಲ. ಇನ್ನರ್ಧ ಓದಿದ್ರೆ ಡಿಗ್ರಿ ನಿಮ್ಮ ಕೈಗೆ” ಎಂದರು. ನನಗೆ ಹೇಗನಿಸಿತು ಗೊತ್ತೇ? ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ನಾನು ಬಿಟ್ಟು ಬಂದ ಹುಡುಗಿಯೊಬ್ಬಳು ಇಷ್ಟು ವರ್ಷ ಅದೇ ಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದ ಹಾಗೆ. ಬೈಯಲೂ ಇಲ್ಲ ಪಾಪ. ಎದ್ದು ನನ್ನ ಜೊತೆ ಹೊರಟೇಬಿಟ್ಟಳು.

“ಆಗ ಯಾಕೆ ಬಿಟ್ರಿ?” ಎಂದೂ ಕೇಳಿದರು. “ಮನೆ ಕಡೆ ಸ್ವಲ್ಪ…” ಎಂದೆ. ಒಳ್ಳೆಯವರು, ಅಲ್ಲಿಗೇ ನಿಲ್ಲಿಸಿದರು.

ಮೊದಲ ದಿನ ಗೇಟಿನಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದು, “ಪೋಷಕರ ಸಾಲು ಆ ಕಡೆ ಮೇಡಂ. ಯಾವ ವರ್ಷದಲ್ಲಿ ಓದ್ತಿದ್ದಾರೆ ನಿಮ್ಮ ಮಕ್ಕಳು?” ಎಂದ. “ನಾನೇ ಮೂರನೇ ವರ್ಷ” ಎಂದೆ. ಅವನು ನನ್ನ ಗುರುತಿನ ಚೀಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಟಿ ನೋಡಿದ. ಕೊನೆಗೆ ಎದ್ದು ನಿಂತು ಸಲ್ಯೂಟ್ ಹೊಡೆದ! ಈಗ ದಿನಾ ಹೊಡೆಯುತ್ತಾನೆ. ಬೇಡವೆಂದರೂ ಕೇಳುವುದಿಲ್ಲ.

ನಿನ್ನ ಮಗಳು ಸೇಡು ತೀರಿಸಿಕೊಳ್ಳುತ್ತಿದ್ದಾಳೆ. ನಾನು ಫೋನ್ ಕೈಗೆತ್ತಿಕೊಂಡರೆ ಸಾಕು, ಸೊಂಟಕ್ಕೆ ಕೈಯಿಟ್ಟು, “ಅಮ್ಮ, ಹೋಂವರ್ಕ್ ಆಯ್ತಾ? ಆಗದೆ ಫೋನ್ ಮುಟ್ಟಬೇಡ” ಎನ್ನುತ್ತಾಳೆ. ನನ್ನದೇ ಮಾತು, ನನ್ನದೇ ರಾಗ. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನಿದ್ದೇನೆ.

ಹೆಲ್ಮೆಟ್ ತೆಗೆಯಬೇಡ, ಕೆಮ್ಮು ಬಂದರೆ ಡಾಕ್ಟರಿಗೆ ತೋರಿಸಲು ತಡ ಮಾಡಬೇಡ.

ನಿನ್ನ
ಬಾಯಿಬಡುಕಿ


ಫೆಬ್ರುವರಿ ೯, ಸೋಮವಾರ

ನನ್ನ ಮಿತಭಾಷಿಗೆ,

ನಿನ್ನ ಉತ್ತರ ಬಂದು ತಿಂಗಳುಗಳೇ ಆದವು, ನಾನು ಈಗ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಆದರೆ ಅದೇನು ಉತ್ತರ ಮಾರಾಯ! ‘ಓದು. ಕನ್ನಡಕ ಮಾಡಿಸ್ಕೋ.’ ಇಷ್ಟಕ್ಕೆ ಲಕೋಟೆ, ಅಂಚೆಚೀಟಿ, ಮೂರು ದಿನದ ಪ್ರಯಾಣ. ಬೆಟ್ಟದೊಳಗೆ ಮಾತಿಗೂ ರೇಷನ್ ಇದೆಯೇ? ಆದರೂ ಕನ್ನಡಕ ಮಾಡಿಸಿಕೊಂಡೆ. ಹಲಗೆಯ ಮೇಲಿನ ಅಂಕಿಗಳಿಗೆ ಮೂಗು ಬಾಯಿ ಮೂಡಿವೆ.

ಹೋದ ವಾರ ತರಗತಿಯಲ್ಲಿ ಆದದ್ದನ್ನು ಯಾರಿಗಾದರೂ ಹೇಳದೆ ಇದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ಮಗಳಿಗೆ ಹೇಳಿದೆ, “ಅಮ್ಮ, ಇದು ಲೆಕ್ಕ ಅಷ್ಟೆ” ಎಂದು ಎದ್ದು ಹೋದಳು. ಕೋಣನ ಮುಂದೆ ಕಿನ್ನರಿ. ನೀನು ಓಡಿಹೋಗಲು ಜಾಗವಿಲ್ಲದ ಕಡೆ ಇದ್ದೀಯ, ಕೇಳು.

ಕಾರ್ಯಾಚರಣೆ ನಿರ್ವಹಣೆ ಎಂಬ ವಿಷಯ ಒಂದಿದೆ. ಅದರ ಟೀಚರ್ ನನಗಿಂತ ಬಹಳ ಚಿಕ್ಕವರು. ಇಡೀ ಕಟ್ಟಡ ಅದುರುವ ಹಾಗೆ ಸೀನುತ್ತಾರೆ. ಬಂದವರೇ, “ಇಲ್ಲಿ ಯಾರೆಲ್ಲ ಸಾಲಲ್ಲಿ ನಿಂತಿದ್ದೀರಿ?” ಎಂದರು. ಎಲ್ಲರೂ ಕೈ ಎತ್ತಿದರು. “ಸಾಲಿನ ಎದುರಿಗೆ ಕೂತವರು ಯಾರಾದ್ರೂ?” ನನ್ನದೊಂದೇ ಕೈ.

“ನಿಮ್ಮ ಕಿಟಕಿಗೆ ಜನ ಹೇಗೆ ಬರ್ತಾರೆ?” ಎಂದು ನನ್ನನ್ನೇ ಕೇಳಿದರು.

“ಹೇಗೆ ಅಂದ್ರೆ… ಅವರವರಿಗೆ ತೋಚಿದ ಹಾಗೆ ಬರ್ತಾರೆ ಮೇಡಂ. ಒಂದ್ಸಲ ನೊಣ ಕೂಡ ಇರಲ್ಲ. ಒಂದ್ಸಲ ಒಬ್ಬರ ಮೇಲೊಬ್ಬರು ಬೀಳ್ತಾರೆ. ಅದಕ್ಕೊಂದು ಲೆಕ್ಕಾನೇ ಇಲ್ಲ.”

“ಲೆಕ್ಕ ಇದೆ” ಎಂದರು ಅವರು, ಬಹಳ ಮೆಲ್ಲಗೆ.

ಗಂಟೆಗೆ ಸುಮಾರು ಎಷ್ಟು ಜನ ಎಂದಷ್ಟೇ ಕೇಳಿದರು. ಹೇಳಿದೆ. ಹಲಗೆಯ ಮೇಲೆ ಒಂದು ಸೂತ್ರ ಬರೆದರು, ನನ್ನ ಸಂಖ್ಯೆಯನ್ನು ಅದರೊಳಗೆ ಕೂರಿಸಿದರು. ಒಂದು ಗಂಟೆಯಲ್ಲಿ ಯಾರೂ ಬಾರದ ನಿಮಿಷಗಳು ಎಷ್ಟು, ಒಬ್ಬರೇ ಬರುವ ನಿಮಿಷಗಳು ಎಷ್ಟು, ಮೂರು ನಾಲ್ಕು ಜನ ಒಟ್ಟಿಗೆ ಬಂದು ಬೀಳುವ ನಿಮಿಷಗಳು ಎಷ್ಟು, ಎಲ್ಲ ಬರೆದುಬಿಟ್ಟರು. ಆಚೆ ಒಂದು ಗುಡ್ಡದ ಚಿತ್ರ. ಒಂದು ಕಡೆ ಕಡಿದಾಗಿ ಏರಿ ಇನ್ನೊಂದು ಕಡೆ ಉದ್ದಕ್ಕೆ ಇಳಿಯುವ ಗುಡ್ಡ. “ಯಾರು ಯಾವಾಗ ಬರ್ತಾರೆ ಅಂತ ದೇವರಾಣೆ ಹೇಳೋಕಾಗಲ್ಲ. ಆದ್ರೆ ಎಲ್ಲರನ್ನೂ ಸೇರಿಸಿದ್ರೆ ಈ ಆಕಾರಕ್ಕೇ ಬರುತ್ತೆ” ಎಂದರು.

ನನಗೆ ನಂಬಿಕೆ ಬರಲಿಲ್ಲ. ನನ್ನ ಜೆಟ್ಟಿಯನ್ನು ಕಣ್ಣಿನಿಂದ ಕಾಣದವರು! ಮಾರನೆಯ ಬೆಳಿಗ್ಗೆ ಟಿಕೆಟ್ ಕೊಡುತ್ತಲೇ ಪಕ್ಕದಲ್ಲಿ, ಯಾವ ನಿಮಿಷಕ್ಕೆ ಎಷ್ಟು ಜನ ಎಂದು ಗೀಟು ಎಳೆಯುತ್ತ ಹೋದೆ. ಪಾಳಿ ಮುಗಿದ ಮೇಲೆ ಗೀಟುಗಳನ್ನು ಕೂಡಿಸಿ ಜೋಡಿಸಿದರೆ… ಅದೇ ಗುಡ್ಡ ಕಣೋ. ಅದೇ ಕಡಿದಾದ ಏರು, ಅದೇ ಉದ್ದನೆಯ ಇಳಿಜಾರು.

ಯೋಚನೆ ಮಾಡಿ ನೋಡು. ಬೆಳಿಗ್ಗೆ ಬರುವ ಆ ನರ್ಸಿಗೆ ಅವಳದೇ ಅವಸರ. ಕೋಳಿಬುಟ್ಟಿಯವನ ಕೋಳಿ ದಾರಿಯಲ್ಲಿ ತಪ್ಪಿಸಿಕೊಂಡಿರುತ್ತದೆ. ಇಸ್ತ್ರಿ ಷರಟಿನವನು ಹೆಂಡತಿಯ ಜೊತೆ ಜಗಳವಾಡಿ ಬಾಗಿಲು ಬಡಿದು ಬಂದಿರುತ್ತಾನೆ. ಇನ್ನೊಬ್ಬಳು ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗಿ ಬಂದಿರುತ್ತಾಳೆ. ಯಾರೂ ಯಾರನ್ನೂ ಕೇಳಿ ಹೊರಟಿಲ್ಲ. ಆದರೂ ಎಲ್ಲರೂ ಸೇರಿ, ತಮಗೇ ತಿಳಿಯದ ಹಾಗೆ, ದಿನಾ ಒಂದೇ ಗುಡ್ಡವನ್ನು ಕಟ್ಟಿ ಹೋಗುತ್ತಾರೆ. ನಾನು ಇಷ್ಟು ವರ್ಷ ಇಂಥದೊಂದರ ಎದುರಿಗೆ ಕೂತು, “ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ” ಎಂದು ಕಿರುಚುತ್ತಿದ್ದೆ! ನೂರು ವರ್ಷದ ಹಿಂದೆ ಯಾವುದೋ ಟೆಲಿಫೋನ್ ಕಂಪನಿಯಲ್ಲಿದ್ದವರೊಬ್ಬರು ಇಂಥ ಸಾಲುಗಳ ಬೆನ್ನು ಹತ್ತಿ ಹೋದರಂತೆ. ಅವರಿಗೆ ಅದು ಕಂಡ ದಿನ ಊಟ ಸೇರಿರಲಿಕ್ಕಿಲ್ಲ. ನನಗಂತೂ ಸೇರಲಿಲ್ಲ.

ತರಗತಿ ಬಿಟ್ಟ ಮೇಲೆ ಟೀಚರ್ ಹತ್ತಿರ ಹೋಗಿ ಕೇಳಿದೆ: “ಮೇಡಂ, ಎಲ್ಲರೂ ಅವರವರ ಕೆಲಸ ಸರಿಯಾಗೇ ಮಾಡ್ತಿದ್ರೂ ಒಂದೊಂದ್ಸಲ ಎಲ್ಲಾ ತಲೆಕೆಳಗಾಗುತ್ತಲ್ಲ, ಅದೂ ಇದರಲ್ಲೇ ಇದೆಯಾ?”

“ಅದೂ ಇದರಲ್ಲೇ ಇದೆ. ಆ ಉದ್ದನೆಯ ಇಳಿಜಾರು ಇದೆಯಲ್ಲ, ಅದೇ ಅದು.”

“ಯಾರ ತಪ್ಪೂ ಇಲ್ಲದೆ?”

“ಯಾರ ತಪ್ಪೂ ಇಲ್ಲದೆ” ಎಂದರು. ಆಮೇಲೆ ಜೋರಾಗಿ ಸೀನಿದರು. ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಎಲ್ಲವೂ ಹೀಗೆ ಹೂವಿನ ಹಾದಿ ಎಂದುಕೊಳ್ಳಬೇಡ. ಹಣಕಾಸು ವಿಷಯದಲ್ಲಿ ಮೊದಲ ಪರೀಕ್ಷೆ ಕೆಟ್ಟದಾಗಿ ಹೋಯಿತು. ಪಕ್ಕದ ಹುಡುಗರು ಎರಡು ಬೆರಳಲ್ಲಿ ಮಾಡುವುದನ್ನು ನಾನು ಹತ್ತು ಬೆರಳಲ್ಲಿ ಮಾಡಿದರೂ ಮುಗಿಯುವುದಿಲ್ಲ. ಆದರೆ ಹುಡುಗರು ಒಳ್ಳೆಯವರು. ಪಟಾಕಿ ಎಂದು ನಾನು ಹೆಸರಿಟ್ಟಿರುವ ಹುಡುಗಿಯೊಬ್ಬಳಿದ್ದಾಳೆ, ಉಸಿರು ತೆಗೆದುಕೊಳ್ಳದೆ ಮಾತಾಡುತ್ತಾಳೆ. ಇನ್ನೊಬ್ಬ ತೂಕಡಿಕೆ. ಮುಂದಿನ ಬೆಂಚಿನಲ್ಲೇ ಕೂತು ನಿದ್ದೆ ಮಾಡುತ್ತಾನೆ, ಆದರೆ ಕೇಳಿದ ಪ್ರಶ್ನೆಗೆ ಕಣ್ಣು ಬಿಡದೆ ಸರಿಯುತ್ತರ ಕೊಡುತ್ತಾನೆ. ಕಂಪ್ಯೂಟರಿನ ಕೋಷ್ಟಕ ನನಗೆ ಕಲಿಸಿಕೊಟ್ಟವನು ಅವನೇ. “ಆಂಟಿ, ಹೆದರ್ಬೇಡಿ, ಏನು ಒತ್ತಿದ್ರೂ ಅದು ಸಿಡಿಯಲ್ಲ” ಎಂದು.

ಗಾಳಿಗೆ ಮುಖ ಕೊಟ್ಟು ಮಲಗಬೇಡ.

ನಿನ್ನ
ಬಾಯಿಬಡುಕಿ


ಮರುವರ್ಷ, ಮೇ ೧೬, ಭಾನುವಾರ

ಹೆಗ್ಗಣರಾಯರ ಸನ್ನಿಧಾನಕ್ಕೆ,

ಈ ಸಲದ ತಡಕ್ಕೆ ಕ್ಷಮೆ ಕೇಳುವ ಮುಖವೂ ಇಲ್ಲ. ವರ್ಷದ ಮೇಲೆ ಕಾಗದ ಬರೆದಿಲ್ಲ. ಫೋನಿನಲ್ಲಿ “ಪ್ರಾಜೆಕ್ಟು, ಪ್ರಾಜೆಕ್ಟು” ಎಂದು ನಾನು ಒದರಿದ್ದು, “ಹೂಂ” ಎಂದು ನೀನು ಅಂದದ್ದು, ಅಷ್ಟೇ. ಈಗ ಎಲ್ಲ ಮುಗಿದಿದೆ. ಪೂರ್ತಿ ಹೇಳುತ್ತೇನೆ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಓದು.

ಕೊನೆಯ ವರ್ಷ ಪ್ರತಿ ಗುಂಪೂ ನಿಜವಾದ ಒಂದು ಕೆಲಸದ ಜಾಗವನ್ನು ತೆಗೆದುಕೊಂಡು, ಅಲ್ಲಿ ಏನನ್ನಾದರೂ ಸರಿಪಡಿಸಿ ತೋರಿಸಬೇಕು. ನಮ್ಮ ಗುಂಪು ಪಟಾಕಿ, ತೂಕಡಿಕೆ ಮತ್ತು ನಾನು. ಜಾಗ ಎಲ್ಲಿ ಎಂದು ಬೇರೆ ಹೇಳಬೇಕೇ? ನಮ್ಮ ಜೆಟ್ಟಿಯಲ್ಲಿ ಮೂರು ಕಿಟಕಿ, ಮೂರು ಸಾಲು. ಯಾವುದೋ ಒಂದು ಕಿಟಕಿಯಲ್ಲಿ ಒಬ್ಬ ಸೈಕಲ್ ಪಾಸಿನ ವಿಚಾರಣೆಗೆ ನಿಂತನೆಂದರೆ ಆ ಸಾಲೇ ಹೆಪ್ಪುಗಟ್ಟುತ್ತದೆ. ಪಕ್ಕದವರು ನಗುತ್ತ ಮುಂದೆ ಹೋಗುತ್ತಾರೆ, ಇವರು ಹಲ್ಲು ಕಡಿಯುತ್ತ ದೋಣಿ ಬಿಡುವುದನ್ನು ನೋಡುತ್ತಾರೆ. ಮೂರು ಸಾಲು ತೆಗೆದು ಒಂದೇ ಸಾಲು ಮಾಡಿ, ಮುಂದಿನವರು ಯಾವ ಕಿಟಕಿ ಖಾಲಿಯೋ ಅಲ್ಲಿಗೆ ಹೋಗುವಂತೆ ಮಾಡಿದರೆ ಯಾರೂ ಸಿಕ್ಕಿಕೊಳ್ಳುವುದಿಲ್ಲ ಎಂಬುದು ನಮ್ಮ ಲೆಕ್ಕ.

ನಮ್ಮ ಸೂಪರ್‌ವೈಸರ್ ನಿನಗೆ ಗೊತ್ತಲ್ಲ, ಕೊರಳಲ್ಲಿ ಸದಾ ಸೀಟಿ ತೂಗುಹಾಕಿಕೊಂಡಿರುವ ಪೀಪಿ ಸಾಹೇಬರು. ಕೇಳಿ ನಕ್ಕರು. “ನೋಡ್ರೀ, ಒಂದೇ ಸಾಲು ಮಾಡಿದ್ರೆ ಬಾಲ ರಸ್ತೆವರೆಗೂ ಹೋಗುತ್ತೆ. ನೋಡಿದವರು ದೋಣಿ ಮುಳುಗಿದೆ ಅಂದ್ಕೋತಾರೆ.” ನಾನು ಬಿಡಲಿಲ್ಲ. ವಾರಗಟ್ಟಲೆ ಬೆನ್ನುಹತ್ತಿದೆ. ಕೊನೆಗೆ, “ಒಂದು ಬೆಳಿಗ್ಗೆ ಕೊಡ್ತೀನಿ. ಗಲಾಟೆ ಆದ್ರೆ ನಿಮ್ಮನ್ನ ಲಗೇಜ್ ಶೆಡ್ಡಿಗೆ ಹಾಕ್ತೀನಿ, ಆಮೇಲೆ ಅಳಬಾರದು” ಎಂದರು. ತಮಾಷೆಗೆ ಅಂದದ್ದಲ್ಲ. ಶೆಡ್ಡಿಗೆ ಹೋದವರು ಮರಳಿ ಕೌಂಟರಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಆ ಬೆಳಿಗ್ಗೆ ನನ್ನ ಕಿಟಕಿಗೆ ಬೇರೆಯವರನ್ನು ಕೂರಿಸಿ, ನಾನು ಹೊರಗೆ ನಿಂತೆ. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದೆವು. ಜನ ಬಂದರು. ಸಾಲು ಬೆಳೆಯಿತು. ಬೆಂಚುಗಳನ್ನು ದಾಟಿತು, ಸೈಕಲ್ ನಿಲ್ದಾಣ ದಾಟಿತು, ನಿಜವಾಗಿಯೂ ರಸ್ತೆಗೆ ಹೋಯಿತು. ನಾನು ಹಗ್ಗದ ಗಂಟನ್ನು ಮತ್ತೆ ಬಿಗಿದೆ. ಛತ್ರಿ ಹಿಡಿದ ಮುದುಕರೊಬ್ಬರು, “ಯಾವ ಬುದ್ಧಿವಂತರ ಕೆಲಸ ರೀ ಇದು?” ಎಂದು ಗದರಿದರು.

“ನಂದೇ ಸಾರ್” ಎಂದೆ.

“ನಿಮ್ಮದಾ? ಮನೇಲಿ ಬೇರೆ ಕೆಲಸ ಇರಲಿಲ್ವಾ?”

ಪೀಪಿ ಸಾಹೇಬರು ಸೀಟಿಯನ್ನು ಬಾಯಿಗೆ ಇಟ್ಟುಕೊಂಡರು. ಊದಿದರೆ ಮುಗಿಯಿತು, ಹಗ್ಗ ಬಿಚ್ಚಬೇಕು. ಪಟಾಕಿ ಜೀವನದಲ್ಲಿ ಮೊದಲ ಸಲ ಮಾತು ನಿಲ್ಲಿಸಿದಳು. ತೂಕಡಿಕೆ ಮಾತ್ರ ಕೈಗಡಿಯಾರ ನೋಡುತ್ತ, “ಆಂಟಿ, ಉದ್ದ ನೋಡ್ಬೇಡಿ. ಕಾಲು ನೋಡಿ” ಎಂದ.

ಕಾಲು ನೋಡಿದೆ. ಯಾರ ಕಾಲೂ ನಿಂತಿರಲಿಲ್ಲ. ಚಪ್ಪಲಿ, ಬೂಟು, ಶಾಲೆಯ ಷೂ, ಊರುಗೋಲು, ಎಲ್ಲ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ, ಮತ್ತೊಂದು. ಎರಡನೇ ಕಿಟಕಿಯಲ್ಲಿ ಯಾರೋ ಪಾಸು ಕಳೆದುಕೊಂಡು ವಾದ ಮಾಡುತ್ತಿದ್ದರು, ಸಾಲಿಗೆ ಅದು ತಿಳಿಯಲೇ ಇಲ್ಲ; ಬಂಡೆ ಬಳಸಿ ಹೋಗುವ ನೀರಿನ ಹಾಗೆ ಅವರನ್ನು ಬಳಸಿಕೊಂಡು ಹೋಯಿತು. ಕೂಗಾಟ ತಾನಾಗಿ ಅಡಗಿತು. ಛತ್ರಿಯ ಮುದುಕರು ಕಿಟಕಿ ತಲುಪಿ, ಹಿಂದೆ ತಿರುಗಿ ರಸ್ತೆಯ ಕಡೆ ನೋಡಿ, “ಆಗ್ಲೇ ಬಂತಾ?” ಎಂದರು, ಯಾರೋ ಮೋಸ ಮಾಡಿದ ಹಾಗೆ. ಪೀಪಿ ಸಾಹೇಬರು ಸೀಟಿಯನ್ನು ಬಾಯಿಂದ ತೆಗೆದು ಅಂಗಿಗೆ ಒರೆಸಿಕೊಂಡರು. ಹಗ್ಗ ಇವತ್ತಿಗೂ ಬಿಚ್ಚಿಲ್ಲ.

ಆ ಗಳಿಗೆಯಲ್ಲಿ ನನಗೆ ಗೆದ್ದೆ ಎನ್ನಿಸಲಿಲ್ಲ. ಹೇಗೆ ಹೇಳಲಿ… ಇಷ್ಟು ವರ್ಷ ಆ ಕಿಟಕಿಯ ತೂತಿನಿಂದ ನಾನು ಕಂಡದ್ದು ಕೈಗಳನ್ನು, ಅರ್ಧರ್ಧ ಮುಖಗಳನ್ನು. ಹೊರಗೆ ನಿಂತು ನೋಡಿದರೆ ಅಷ್ಟೂ ಜನ, ಮಕ್ಕಳು, ಮುದುಕರು, ನಿದ್ದೆಗಣ್ಣಿನವರು, ಹಿಂದೆ ನದಿಯ ಮೇಲೆ ಬೆಳಕು, ದೂರದಲ್ಲಿ ಬರುತ್ತಿರುವ ದೋಣಿ. ಪುಸ್ತಕದಲ್ಲಿ ಓದಿದ ಒಂದು ಸೂತ್ರ ಕಾಲು ಮೂಡಿ ನನ್ನ ಮುಂದೆ ನಡೆದು ಹೋಗುತ್ತಿತ್ತು. ಎರಡು ಕೈ ಜೋಡಿಸಬೇಕು ಎನ್ನಿಸಿತು. ಯಾರಿಗೆ ಎಂದು ತಿಳಿಯದೆ ಸುಮ್ಮನೆ ನಿಂತೆ.

ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಇದನ್ನೆಲ್ಲ ವಿವರಿಸಬೇಕಿತ್ತು. ಮಾತಾಡಲು ನಿಂತಾಗ ಮೊದಲಿಗೆ ಹಾಳೆ ನೋಡಿಕೊಂಡು ಓದಿದೆ. ಆಮೇಲೆ ನಿನಗೆ ಗೊತ್ತಲ್ಲ, ನನ್ನನ್ನು ನಿಲ್ಲಿಸುವುದೇ ಕಷ್ಟವಾಯಿತು. ಸೀನುವ ಟೀಚರ್ ಕೊನೆಗೆ, “ನನ್ನ ಪಾಠ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರಲಿಲ್ಲ” ಎಂದರು. ನಿನ್ನೆ ಫಲಿತಾಂಶ ಬಂತು. ಎಲ್ಲ ವಿಷಯದಲ್ಲೂ ಪಾಸು, ಹಣಕಾಸಿನಲ್ಲೂ. ನಿನ್ನ ಮಗಳು ನನ್ನ ಅಂಕ ನೋಡಿ, “ಪರವಾಗಿಲ್ಲ, ಇನ್ನೂ ಚೆನ್ನಾಗಿ ಮಾಡಬಹುದಿತ್ತು” ಎಂದು ಹೇಳಿ, ಆಮೇಲೆ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು ಅತ್ತಳು.

ಪದವಿ ಕೊಡುವುದು ಜೂನ್ ಕೊನೆಯಲ್ಲಿ. ರಜೆ ಹಾಕಿ ಬಾ. ಮೇಸ್ತ್ರಿ ಕೊಡುವುದಿಲ್ಲ ಎಂದರೆ ಅವನಿಗೆ ನಾನೇ ಕಾಗದ ಬರೆಯುತ್ತೇನೆ, ಈಗ ನಾನು ಡಿಗ್ರಿ ಇರುವವಳು.

ನಿನ್ನ ತಲೆಯ ಮೇಲಿನ ಬೆಟ್ಟ ತಣ್ಣಗಿರಲಿ. ಒಳಗೆ ಹೋದ ಅಷ್ಟೂ ಜನ ಲೆಕ್ಕ ತಪ್ಪದೆ ಹೊರಗೆ ಬರಲಿ.

ನಿನ್ನ
ಬಾಯಿಬಡುಕಿ

ಇನ್ನೊಂದು ಮಾತು. ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ.

ಸಭಾಂಗಣದಲ್ಲಿ ನಮ್ಮ ಸರದಿಗೆ ಮುಂಚೆ ತೂಕಡಿಕೆ ಮೇಜಿನ ಕೆಳಗೆ ತೂರಿಕೊಂಡು ಪ್ರೊಜೆಕ್ಟರ್ ಜೋಡಿಸುತ್ತಿದ್ದ. ಎರಡು ವರ್ಷದಿಂದ “ಆಂಟಿ, ಕೊಡ್ತೀರಾ” ಎನ್ನುತ್ತಿದ್ದ ಹುಡುಗ. ಗಡಿಬಿಡಿಯಲ್ಲಿ ಕೈಯನ್ನಷ್ಟೇ ಹೊರಗೆ ಚಾಚಿ, “ಅಮ್ಮಾ, ಆ ವೈರ್ ಕೊಡೇ” ಎಂದುಬಿಟ್ಟ. ಮನೆಯಲ್ಲಿ ಅವನ ತಾಯಿಗೆ ಹೇಳುವ ಹಾಗೇ. ಪಟಾಕಿ ಬಿದ್ದು ಬಿದ್ದು ನಕ್ಕಳು. ಅವನು ಮುಖ ಕೆಂಪಗೆ ಮಾಡಿಕೊಂಡು, “ಸಾರಿ ಆಂಟಿ” ಎಂದ. ನಾನೂ ನಕ್ಕೆ. ವೈರ್ ಕೊಟ್ಟೆ. ಆಮೇಲೆ ಹೆಂಗಸರ ಶೌಚಾಲಯಕ್ಕೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತೆ.

ನಮ್ಮವನು ಉಳಿದಿದ್ದರೆ ಈ ವರ್ಷ ಇವರ ಜೊತೆಗೇ ಕೂತಿರುತ್ತಿದ್ದ. ಮೊದಲ ದಿನದಿಂದಲೂ ಇದು ನನ್ನ ತಲೆಯಲ್ಲಿದೆ. ಹಿಂದಿನ ಬೆಂಚಿನಲ್ಲಿ ಕೂತು ಆ ಹುಡುಗರ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ. ಆ ವಯಸ್ಸಿಗೆ ಗಂಡುಮಕ್ಕಳ ಕತ್ತು ಅಷ್ಟು ಅಗಲವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನ ಕತ್ತು ನನ್ನ ಎರಡು ಬೆರಳಿನಷ್ಟೂ ಇರಲಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ನೀನು ಅವನನ್ನು ಟವೆಲಿನಲ್ಲಿ ಸುತ್ತಿ ಒಬ್ಬನೇ ಎತ್ತಿಕೊಂಡು ಹೋದೆ. ಹೊತ್ತು ಇಳಿದ ಮೇಲೆ ಬರಿಗೈಯಲ್ಲಿ ಬಂದೆ, ಚಪ್ಪಲಿಗೆ ಮಣ್ಣು ಮೆತ್ತಿತ್ತು. ಎಲ್ಲಿ ಎಂದು ನಾನು ಕೇಳಲಿಲ್ಲ. ನೀನೂ ಹೇಳಲಿಲ್ಲ. ಕೇಳಿದರೆ ನೀನು ಕುಸಿಯುತ್ತೀಯ ಎಂದು ನಾನು, ಹೇಳಿದರೆ ನಾನು ಕುಸಿಯುತ್ತೇನೆ ಎಂದು ನೀನು. ಹೀಗೇ ಮನೆ ಬದಲಾಯಿತು, ಮಗಳು ಬಂದಳು, ನೀನು ಬೆಟ್ಟಕ್ಕೆ ಹೋದೆ. ನಾನು ಎಲ್ಲರ ಹತ್ತಿರ ಎಲ್ಲವನ್ನೂ ಮಾತಾಡುತ್ತೇನೆ, ಇದೊಂದನ್ನು ಬಿಟ್ಟು.

ನೀನು ಬಂದಾಗ ಮಗಳಿಗೂ ಹೇಳೋಣ, ಅವಳಿಗೊಬ್ಬ ಅಣ್ಣ ಇದ್ದ ಎಂದು. ಮತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಜಾಗ ಈಗ ಹೇಗಿದೆಯೋ ಏನೋ, ಮನೆಗಳೇ ಎದ್ದಿರಬಹುದು. ಗುರುತು ಸಿಗದಿದ್ದರೆ ನೊಂದುಕೊಳ್ಳಬೇಡ. ಸುಮಾರಾಗಿ ಇಲ್ಲೇ ಎಲ್ಲೋ ಎಂದು ಕೈ ತೋರಿಸು, ಸಾಕು.